90ನೆಯ ದಿನ: ಒಂದು ಒಣದ್ರಾಕ್ಷಿ ಸಂಘದ ಸರ್ವರ್‌ನಲ್ಲಿ ಉಚಿತ ಟಿಎಲ್‌ಎಸ್ ಸರ್ಟಿಫಿಕೇಟ್

ಹಿನ್ನೆಲೆ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ 2024ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ ನಡೆದ ಸಂಗತಿಯಿದು. ಸಂಘದ ಹೆಸರು, ಊರು, ಅಲ್ಲಿ ದುಡಿಯುವವರ ಹೆಸರು ಯಾವುದನ್ನೂ ಹೇಳಿಲ್ಲ, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಏನು ಕೆಟ್ಟಿತು, ಯಾವ ಕ್ರಮದಲ್ಲಿ ಕೆಟ್ಟಿತು, ಯಾವ ನಿರ್ಧಾರದಿಂದ ಸರಿಹೋಯಿತು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಸಂಘಕ್ಕೆ ಸ್ವಂತದ ಕೋಲ್ಡ್ ಸ್ಟೋರೇಜ್ ಇದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರೈತರು ತೋಟದ ಶೆಡ್‌ಗಳಲ್ಲಿ ಒಣಗಿಸಿದ ದ್ರಾಕ್ಷಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಮಣೂಕವನ್ನು, ಬಾಕ್ಸ್‌ಗಳಲ್ಲಿ ತುಂಬಿ ಇಲ್ಲಿ ತಂದಿಡುತ್ತಾರೆ. ದರ ಏರಿದಾಗ ಮಾರುತ್ತಾರೆ. ಯಾರ ಹೆಸರಿನಲ್ಲಿ ಎಷ್ಟು ಬಾಕ್ಸ್ ಇದೆ, ಬಾಡಿಗೆ ಎಷ್ಟಾಗಿದೆ, ಮಾಲಿನ ಮೇಲೆ ಎಷ್ಟು ಮುಂಗಡ ಪಡೆಯಲಾಗಿದೆ ಎಂಬುದನ್ನು ರೈತರು ತಮ್ಮ ಮೊಬೈಲ್‌ನಲ್ಲೇ ನೋಡಿಕೊಳ್ಳಲು ಸಂಘವು ಒಂದು ಸಣ್ಣ ಜಾಲತಾಣವನ್ನು ಮಾಡಿಸಿತ್ತು. ಮೊಬೈಲ್ ಸಂಖ್ಯೆ ಮತ್ತು ಒಂದು ಪಿನ್ ಕೊಟ್ಟರೆ ಖಾತೆ ತೆರೆಯುತ್ತದೆ. ಬಾಡಿಗೆಗೆ ಪಡೆದ ಒಂದು ಲಿನಕ್ಸ್ ಸರ್ವರ್, ಅದರ ಮೇಲೆ ಪುಟಗಳನ್ನು ಬ್ರೌಸರ್‌ಗೆ ತಲುಪಿಸುವ ಎಂಜಿನ್‌ಎಕ್ಸ್, ಅದರ ಹಿಂದೆ ಒಂದು ಚಿಕ್ಕ ತಂತ್ರಾಂಶ, ವ್ಯವಸ್ಥೆ ಇಷ್ಟೇ.

ಜಾಲತಾಣವನ್ನು ಕಟ್ಟಿಕೊಟ್ಟವರು ವರ್ಷಕ್ಕೊಮ್ಮೆ ಹಣ ಕೊಟ್ಟು ಕೊಳ್ಳುವ ಟಿಎಲ್‌ಎಸ್ ಸರ್ಟಿಫಿಕೇಟ್ ಹಾಕಿದ್ದರು. ತಾಣ ನಿಜವಾದದ್ದೇ ಎಂದು ಬ್ರೌಸರ್‌ಗೆ ತೋರಿಸಿ, ನಡುವಿನ ಮಾಹಿತಿಯನ್ನು ಗುಟ್ಟಾಗಿಡಲು ನೆರವಾಗುವ ಡಿಜಿಟಲ್ ಪತ್ರ ಇದು. ಅವರೊಂದಿಗಿನ ಕರಾರು ಮುಗಿದ ಮೇಲೆ ಅದನ್ನು ಯಾರೂ ನವೀಕರಿಸಲಿಲ್ಲ. ಅವಧಿ ತೀರಿದ ಬಳಿಕ ತಾಣವನ್ನು ಬರಿಯ ಎಚ್‌ಟಿಟಿಪಿಗೆ ಇಳಿಸಲಾಯಿತು, ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಎಂಬ ಸೂಚನೆ ಕಾಣತೊಡಗಿತು. ಆ ಸೂಚನೆ ಸುಳ್ಳಾಗಿರಲಿಲ್ಲ. ರೈತರ ಪಿನ್ ಯಾವ ಹೊದಿಕೆಯೂ ಇಲ್ಲದೆ, ದಾರಿಯಲ್ಲಿ ಕುಳಿತವರು ಓದಬಹುದಾದ ರೂಪದಲ್ಲಿ ಹೋಗುತ್ತಿತ್ತು.

ಸಂಘದ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ತರುಣ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಹಾಕೋಣ ಎಂದು ಕಾರ್ಯದರ್ಶಿಗಳಿಗೆ ಹೇಳಿದ. ಅವರ ಮೊದಲ ಪ್ರಶ್ನೆ ಯಾರಾದರೂ ಕೇಳಬೇಕಾದ ಪ್ರಶ್ನೆಯೇ ಆಗಿತ್ತು: “ಪುಕ್ಕಟೆ ಕೊಡತಾರಂದ್ರ ನಾಳೆ ರೊಕ್ಕಾ ಕೇಳಂಗಿಲ್ಲೇನು?” ಲೆಟ್ಸ್ ಎನ್‌ಕ್ರಿಪ್ಟ್ ಅನ್ನು ನಡೆಸುವುದು ಅಮೆರಿಕದ ಲಾಭರಹಿತ ಸಂಸ್ಥೆಯಾದ ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್. 2015ರ ಸೆಪ್ಟೆಂಬರ್‌ನಲ್ಲಿ ಮೊದಲ ಸರ್ಟಿಫಿಕೇಟ್ ಕೊಟ್ಟಾಗಿನಿಂದ ಅದು ಯಾರಿಂದಲೂ ಶುಲ್ಕ ಪಡೆದಿಲ್ಲ. ಆಗ ಅದರ ಸರ್ಟಿಫಿಕೇಟ್ 90 ದಿನ ಮಾತ್ರ ಬಾಳುತ್ತಿತ್ತು. ಅವಧಿಯನ್ನು ಇಷ್ಟು ಚಿಕ್ಕದಾಗಿ ಇಟ್ಟಿರುವುದಕ್ಕೆ ಎರಡು ಕಾರಣಗಳಿವೆ: ಸರ್ಟಿಫಿಕೇಟ್‌ನ ಗುಪ್ತ ಕೀಲಿ ಕಳುವಾದರೆ ಅದರ ದುರುಪಯೋಗದ ಕಾಲ ಕಡಿಮೆಯಾಗುತ್ತದೆ, ಮತ್ತು ನವೀಕರಣವನ್ನು ಮನುಷ್ಯನ ನೆನಪಿಗೆ ಬಿಡದೆ ಯಂತ್ರಕ್ಕೆ ಒಪ್ಪಿಸಲೇಬೇಕಾಗುತ್ತದೆ. ಈ ಎರಡನೆಯ ಕಾರಣವನ್ನು ತರುಣ ಓದಿದ್ದ. ಆದರೆ ಅದು ತನ್ನ ಸ್ಥಾಪನೆಯ ವಿಧಾನವನ್ನೇ ನಿರ್ಧರಿಸಬೇಕು ಎಂಬುದು ಅವನಿಗೆ ಆಗ ಹೊಳೆದಿರಲಿಲ್ಲ.

ಡಿಸೆಂಬರ್‌ನ ಸ್ಥಾಪನೆ

ಸರ್ಟಿಫಿಕೇಟ್ ಕೇಳುವ, ತರುವ, ನವೀಕರಿಸುವ ಕೆಲಸವನ್ನು ಮಾಡುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸರ್ಟ್‌ಬಾಟ್. ಅದನ್ನು ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ರೂಪಿಸಿದೆ. ತರುಣ ಅದನ್ನು ಸರ್ವರ್‌ನ ಪ್ಯಾಕೇಜ್ ಭಂಡಾರದಿಂದ ಸ್ಥಾಪಿಸಿದ. ಎಂಜಿನ್‌ಎಕ್ಸ್‌ಗೆಂದು ಪ್ರತ್ಯೇಕ ಪ್ಲಗಿನ್ ಪ್ಯಾಕೇಜ್ ಇರುವುದು ಅವನ ಗಮನಕ್ಕೆ ಬರಲಿಲ್ಲ. ಹಾಗಾಗಿ ‘ವೆಬ್‌ರೂಟ್’ ವಿಧಾನವನ್ನು ಆರಿಸಿಕೊಂಡ.

ಈ ವಿಧಾನದ ನಡೆ ಸರಳವಾದುದು. ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ನಿಮ್ಮದೇ ಎಂದು ತೋರಿಸಲು ಸರ್ಟಿಫಿಕೇಟ್ ಪ್ರಾಧಿಕಾರವು (ಇಲ್ಲಿ ಲೆಟ್ಸ್ ಎನ್‌ಕ್ರಿಪ್ಟ್) ಒಂದು ಗುರುತಿನ ಅಕ್ಷರಮಾಲೆಯನ್ನು ಕೊಡುತ್ತದೆ. ಸರ್ಟ್‌ಬಾಟ್ ಅದನ್ನು ತಾಣದ ಮೂಲ ಫೋಲ್ಡರ್‌ನೊಳಗೆ, ಚುಕ್ಕೆಯಿಂದ ಹೆಸರು ಆರಂಭವಾಗುವ ‘ವೆಲ್‌ನೋನ್’ ಫೋಲ್ಡರ್‌ನ ಒಳಗೆ ಕಡತವಾಗಿ ಇಡುತ್ತದೆ. ಪ್ರಾಧಿಕಾರವು ಜಗತ್ತಿನ ಹಲವು ಕಡೆಗಳಿಂದ, ಎಚ್‌ಟಿಟಿಪಿಯ ಬಾಗಿಲಾದ ಪೋರ್ಟ್ 80ರ ಮೂಲಕ ಬಂದು ಆ ಕಡತವನ್ನು ಓದಿ ನೋಡುತ್ತದೆ. ಓದಲು ಸಿಕ್ಕಿದರೆ ಸರ್ಟಿಫಿಕೇಟ್ ಕೊಡುತ್ತದೆ.

ಇಲ್ಲಿ ಓದಲು ಸಿಗಲಿಲ್ಲ, 403 ಎಂಬ ನಿರಾಕರಣೆ ಬಂತು. ಹಿಂದೆ ತಾಣ ಕಟ್ಟಿದವರು, ಚುಕ್ಕೆಯಿಂದ ಆರಂಭವಾಗುವ ಯಾವ ಕಡತವನ್ನೂ ಹೊರಗಿನವರಿಗೆ ಕೊಡಬಾರದು ಎಂಬ ಒಂದು ಸಾಲನ್ನು ಎಂಜಿನ್‌ಎಕ್ಸ್‌ನ ಸಂರಚನೆಯಲ್ಲಿ (ಕಾನ್ಫಿಗರೇಶನ್ ಕಡತದಲ್ಲಿ) ಬರೆದಿದ್ದರು. ಅದು ಒಳ್ಳೆಯ ಸಾಲು. ಗುಪ್ತ ಕಡತಗಳು, ತಂತ್ರಾಂಶದ ಮೂಲಸಂಕೇತವಿರುವ ಗಿಟ್ ಫೋಲ್ಡರ್‌ಗಳು ಹೊರಗೆ ಸೋರದಂತೆ ಕಾಯುವುದೇ ಅದರ ಉದ್ದೇಶ. ಆದರೆ ಬಾಗಿಲು ಕಾಯುವವನು ಅಂಚೆಯಣ್ಣನನ್ನೂ ತಡೆದ ಹಾಗಾಯಿತು. ಕಾರಣ ತಿಳಿಯದ ತರುಣ ಅದೇ ಆದೇಶವನ್ನು ಮತ್ತೆ ಮತ್ತೆ ಓಡಿಸಿದ. ಒಂದು ಹೆಸರಿಗೆ ಗಂಟೆಯೊಂದರಲ್ಲಿ ಐದು ಸಲ ಪರಿಶೀಲನೆ ವಿಫಲವಾದರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ, ಇಲ್ಲಿಯೂ ಹಾಕಿತು.

ಆ ಬಿಡುವಿನಲ್ಲಿ ಅವನು ಸಂರಚನೆಯನ್ನು ಓದಬಹುದಿತ್ತು. ಓದಲಿಲ್ಲ, ಬೇರೊಂದು ದಾರಿ ಹುಡುಕಿದ. ಈ ಪ್ರಕರಣದ ಮೊದಲ ತಿರುವು ಇದೇ. ಅವನಿಗೆ ಸಿಕ್ಕಿದ್ದು ‘ಸ್ಟ್ಯಾಂಡ್‌ಅಲೋನ್’ ವಿಧಾನ. ಅದರಲ್ಲಿ ಸರ್ಟ್‌ಬಾಟ್ ತಾನೇ ಕೆಲವು ಕ್ಷಣಗಳ ಕಾಲ ಪೋರ್ಟ್ 80ರಲ್ಲಿ ಕುಳಿತು ಪ್ರಾಧಿಕಾರಕ್ಕೆ ಉತ್ತರ ಕೊಡುತ್ತದೆ, ಎಂಜಿನ್‌ಎಕ್ಸ್‌ನ ಹಂಗಿಲ್ಲ. ಆದರೆ ಆ ಪೋರ್ಟ್ ಖಾಲಿಯಿರಬೇಕು. ಅವನು ಎಂಜಿನ್‌ಎಕ್ಸ್ ಅನ್ನು ನಿಲ್ಲಿಸಿದ, ಸರ್ಟಿಫಿಕೇಟ್ ಪಡೆದ, ಮತ್ತೆ ಚಾಲೂ ಮಾಡಿದ. ಒಂದು ನಿಮಿಷವೂ ಹಿಡಿಯಲಿಲ್ಲ.

ಹಳೆಯ ಸರ್ಟಿಫಿಕೇಟ್ ಇದ್ದ ಫೋಲ್ಡರ್‌ನಿಂದಲೇ ಎಂಜಿನ್‌ಎಕ್ಸ್ ಓದುತ್ತಿತ್ತು. ಸಂರಚನೆಯನ್ನು ಮುಟ್ಟುವುದು ಬೇಡವೆಂದು ಅವನು ಹೊಸ ‘ಫುಲ್‌ಚೈನ್’ (ಸರ್ಟಿಫಿಕೇಟ್) ಮತ್ತು ‘ಪ್ರೈವ್‌ಕೀ’ (ಗುಪ್ತ ಕೀಲಿ) ಕಡತಗಳನ್ನು ಆ ಫೋಲ್ಡರ್‌ಗೆ ನಕಲು ಮಾಡಿ, ಹಳೆಯ ಹೆಸರುಗಳನ್ನೇ ಇಟ್ಟ. ತಾಣ ಬೀಗದ ಗುರುತಿನೊಂದಿಗೆ ತೆರೆಯಿತು. ಕಾರ್ಯದರ್ಶಿಗಳು ಮೆಚ್ಚಿ ನಾಲ್ಕು ಮಾತಾಡಿದರು. ಕೆಲಸ ಮುಗಿಯಿತೆಂದು ಎಲ್ಲರೂ ನಂಬಿದರು.

ಅಂದಿನ ಕೆಲಸದಲ್ಲಿ ಅವನು ತಪ್ಪಾಗಿ ಕಂಡದ್ದನ್ನು ಮಾಡಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪ್ರತಿಯೊಂದು ಹೆಜ್ಜೆಯೂ ಆ ದಿನದ ಮಟ್ಟಿಗೆ ಫಲ ಕೊಟ್ಟಿತು. ಒಂದು ವಿಷಯ ಬಾಕಿ ಉಳಿಯಿತು: ಇದೇ ಕೆಲಸವನ್ನು ಎರಡು ತಿಂಗಳ ನಂತರ, ರಾತ್ರಿ ಮೂರಕ್ಕೆ, ಯಾರೂ ಇಲ್ಲದಾಗ ಯಂತ್ರ ಹೇಗೆ ಮಾಡೀತು? ಸರ್ಟ್‌ಬಾಟ್ ತಾನು ಯಾವ ವಿಧಾನದಿಂದ ಸರ್ಟಿಫಿಕೇಟ್ ಪಡೆದೆನೆಂಬುದನ್ನು ‘ರಿನ್ಯೂವಲ್’ ಫೋಲ್ಡರ್‌ನಲ್ಲಿ ಬರೆದಿಟ್ಟುಕೊಂಡು, ನವೀಕರಣದ ಹೊತ್ತಿಗೆ ಅದೇ ವಿಧಾನವನ್ನು ಅನುಸರಿಸುತ್ತದೆ. ಅಲ್ಲಿ ‘ಸ್ಟ್ಯಾಂಡ್‌ಅಲೋನ್’ ಎಂದು ಬರೆದಿತ್ತು. ಎಂಜಿನ್‌ಎಕ್ಸ್ ಅನ್ನು ನಿಲ್ಲಿಸು ಎಂದು ಎಲ್ಲಿಯೂ ಬರೆದಿರಲಿಲ್ಲ.

ಮಾರ್ಚ್‌ನ ಮುಗ್ಗಟ್ಟು

ಹೋಳಿ ಹುಣ್ಣಿಮೆ ಕಳೆದ ವಾರಾಂತ್ಯದಲ್ಲಿ 90 ದಿನ ತುಂಬಿತು. ಶೆಡ್‌ಗಳಿಂದ ಮಾಲು ಬರುತ್ತಿದ್ದ, ಸ್ಟೋರೇಜ್‌ನ ಅಂಗಳದಲ್ಲಿ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತಿದ್ದ ದಿನಗಳವು. ಭಾನುವಾರ ರಾತ್ರಿಯೇ ಕೆಲವರ ಮೊಬೈಲ್‌ನಲ್ಲಿ ತಾಣದ ಬದಲು ಕೆಂಪು ಎಚ್ಚರಿಕೆ ಕಂಡಿತು. ತರುಣ ರಾತ್ರಿ ಹತ್ತಕ್ಕೆ ಸರ್ವರ್‌ಗೆ ಹೊಕ್ಕ. ಹಿಂದಿನಂತೆ ಎಂಜಿನ್‌ಎಕ್ಸ್ ಅನ್ನು ನಿಲ್ಲಿಸಿ, ಒತ್ತಾಯದ ನವೀಕರಣದ ಆದೇಶ ಕೊಟ್ಟ. ಯಶಸ್ವಿಯಾಯಿತೆಂದು ಪರದೆ ಹೇಳಿತು. ಎಂಜಿನ್‌ಎಕ್ಸ್ ಚಾಲೂ ಮಾಡಿ ನೋಡಿದರೆ ಬ್ರೌಸರ್‌ನಲ್ಲಿ ಅದೇ ಕೆಂಪು ಪುಟ, ಅದೇ ತೀರಿದ ದಿನಾಂಕ. ಮತ್ತೊಮ್ಮೆ ನವೀಕರಿಸಿದ, ಮತ್ತೆ ಅದೇ. ಐದು ಸಲ ಹೀಗಾಯಿತು. ಒಂದೇ ಹೆಸರುಗಳ ಗುಂಪಿಗೆ ಏಳು ದಿನಗಳಲ್ಲಿ ಐದಕ್ಕಿಂತ ಹೆಚ್ಚು ಸರ್ಟಿಫಿಕೇಟ್ ಕೊಡುವುದಿಲ್ಲ ಎಂಬುದು ಲೆಟ್ಸ್ ಎನ್‌ಕ್ರಿಪ್ಟ್‌ನ ಮಿತಿ. ಆರನೆಯ ಸಲಕ್ಕೆ ನಿರಾಕರಣೆ ಬಂತು. ಇನ್ನು ವಾರಗಟ್ಟಲೆ ಕಾಯಬೇಕೆಂದು ಅವನು ಎದೆಗುಂದಿದ.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಗಳು ಇದನ್ನು ಸರಿಪಡಿಸಿಕೊಡಲು ನನಗೆ ಫೋನ್ ಮಾಡಿದರು. ನಾನು ಸಂಘಕ್ಕೆ ಹೋದಾಗ ಕೌಂಟರ್‌ನಲ್ಲಿ ಕೇಳಿದ ಮಾತು ಇದು: “ಕಾಕಾ, ಕೆಳಗ ಅಡ್ವಾನ್ಸ್ಡ್ ಅಂತ ಅದ ನೋಡ್ರಿ, ಅದನ್ನ ಒತ್ತಿ ಮುಂದ ಹೋಗ್ರಿ, ಏನೂ ಆಗಂಗಿಲ್ಲ.” ಗುಮಾಸ್ತರು ಸರದಿಯಲ್ಲಿದ್ದವರಿಗೆಲ್ಲ ಹೀಗೆ ಹೇಳಿಕೊಡುತ್ತಿದ್ದರು, ಅದೂ ರೈತರಿಗೆ ನೆರವಾಗಬೇಕೆಂಬ ಕಾಳಜಿಯಿಂದಲೇ.

ನಾನು ಸರ್ವರ್ ನೋಡುವ ಮೊದಲು ಇದನ್ನು ನಿಲ್ಲಿಸಲು ಕೇಳಿಕೊಂಡೆ. ಈ ಇಡೀ ಪ್ರಕರಣದಲ್ಲಿ ನಿಜವಾದ ಹಾನಿ ಆಗುತ್ತಿದ್ದುದು ಆ ಕೌಂಟರ್‌ನಲ್ಲಿ. ಸರ್ಟಿಫಿಕೇಟ್ ಇವತ್ತಲ್ಲ ನಾಳೆ ಸರಿಹೋಗುತ್ತದೆ. ಆದರೆ ಎಚ್ಚರಿಕೆಯ ಪುಟವನ್ನು ದಾಟಿ ಹೋಗುವುದೇ ಸರಿಯಾದ ಕ್ರಮ ಎಂದು ಒಮ್ಮೆ ಕಲಿತ ರೈತ, ಮುಂದೊಂದು ದಿನ ಬ್ಯಾಂಕಿನ ಹೆಸರಿನ ನಕಲಿ ತಾಣ ಅದೇ ಪುಟವನ್ನು ತೋರಿಸಿದಾಗಲೂ ಹಾಗೆಯೇ ದಾಟಿ ಹೋಗುತ್ತಾನೆ. ಸಂಘದ ಮಾತಿಗೆ ಊರಲ್ಲಿ ಬೆಲೆಯಿದೆ. ಆ ಬೆಲೆಯನ್ನು ಇಂಥ ಪಾಠಕ್ಕೆ ಖರ್ಚು ಮಾಡಬಾರದು. ಕಾರ್ಯದರ್ಶಿಗಳಿಗೆ ಇದು ಕೂಡಲೇ ಅರ್ಥವಾಯಿತು. ‘ತಾಣ ಇಂದು ದುರಸ್ತಿಯಲ್ಲಿದೆ, ಎಚ್ಚರಿಕೆ ಬಂದರೆ ಮುಂದೆ ಹೋಗಬೇಡಿ, ಲೆಕ್ಕವನ್ನು ಕೌಂಟರ್‌ನಲ್ಲಿ ಕೇಳಿ’ ಎಂದು ಹಲಗೆಯ ಮೇಲೆ ಬರೆಸಿದರು. ಬೆಳಿಗ್ಗೆಯಿಂದ ದಾಟಿ ಹೋದವರಿಗೆ ಗುಮಾಸ್ತರೇ ಫೋನ್ ಮಾಡಿ, ತಾವು ಹೇಳಿಕೊಟ್ಟದ್ದು ತಪ್ಪೆಂದು ತಿಳಿಸಿದರು. ಅದಕ್ಕೆ ಧೈರ್ಯ ಬೇಕು.

ಮನೆಯೊಳಗೇ ಇದ್ದದ್ದು

ಸರ್ವರ್‌ನ ಮುಂದೆ ಕುಳಿತಾಗ ನಾವು ಒಂದು ನಿಯಮ ಹಾಕಿಕೊಂಡೆವು: ಮೊದಲ ಅರ್ಧ ಗಂಟೆ ಏನನ್ನೂ ಬದಲಿಸುವುದಿಲ್ಲ, ಬರಿ ಓದುತ್ತೇವೆ.

ಸರ್ಟ್‌ಬಾಟ್‌ಗೆ ತನ್ನ ಬಳಿ ಇರುವ ಸರ್ಟಿಫಿಕೇಟ್‌ಗಳ ಪಟ್ಟಿ ಕೇಳಿದೆವು. ಅದು ತೋರಿಸಿದ ಸರ್ಟಿಫಿಕೇಟ್‌ಗೆ ಇನ್ನೂ 89 ದಿನ ಆಯುಸ್ಸಿತ್ತು. ಓಪನ್‌ಎಸ್‌ಎಸ್‌ಎಲ್ ಎಂಬ ಉಪಕರಣ ಬಳಸಿ ಹೊರಗಿನಿಂದ ಸರ್ವರ್‌ನ ಸುರಕ್ಷಿತ ಬಾಗಿಲಾದ ಪೋರ್ಟ್ 443ನ್ನು ಮುಟ್ಟಿ, ಅದು ನಿಜವಾಗಿ ಕೊಡುತ್ತಿರುವ ಸರ್ಟಿಫಿಕೇಟ್‌ನ ದಿನಾಂಕ ಓದಿದರೆ, ಅದು ಹಿಂದಿನ ದಿನವೇ ತೀರಿತ್ತು. ಡಿಸ್ಕ್‌ನಲ್ಲಿರುವುದು ಬೇರೆ, ಬಾಗಿಲಲ್ಲಿ ತೋರಿಸುತ್ತಿರುವುದು ಬೇರೆ. ಸರ್ಟ್‌ಬಾಟ್ ತಾನು ಪಡೆದದ್ದನ್ನೆಲ್ಲ ಕೂಡಿಡುವ ‘ಆರ್ಕೈವ್’ ಫೋಲ್ಡರ್ ತೆರೆದಾಗ ಒಂದರಿಂದ ಆರರವರೆಗೆ ಸಂಖ್ಯೆ ಹೊತ್ತ ಕಡತಗಳಿದ್ದವು: ಡಿಸೆಂಬರ್‌ನದು ಒಂದು, ಹಿಂದಿನ ರಾತ್ರಿಯವು ಐದು. ಇತ್ತೀಚಿನದನ್ನು ತೋರುವ ‘ಲೈವ್’ ಫೋಲ್ಡರ್‌ನ ಕೊಂಡಿಗಳು ಆರನೆಯದನ್ನು ತೋರುತ್ತಿದ್ದವು. ಎಂಜಿನ್‌ಎಕ್ಸ್ ಮಾತ್ರ, ಡಿಸೆಂಬರ್‌ನಲ್ಲಿ ನಕಲು ಮಾಡಿಟ್ಟ ಹಳೆಯ ಫೋಲ್ಡರ್‌ನ ಕಡತವನ್ನೇ ಓದುತ್ತಿತ್ತು.

ಹಿಂದಿನ ರಾತ್ರಿ ಪಡೆದ ಮೊದಲ ಸರ್ಟಿಫಿಕೇಟ್ ಸರಿಯಾಗಿಯೇ ಇತ್ತು. ಕೈಯಲ್ಲಿದ್ದ ವಸ್ತುವನ್ನೇ ತರುಣ ಇನ್ನೂ ನಾಲ್ಕು ಸಲ ಕೇಳಿದ್ದ. ಪರದೆ ‘ಯಶಸ್ವಿ’ ಎಂದಾಗ ಬ್ರೌಸರ್ ‘ಇಲ್ಲ’ ಎಂದರೆ, ಆ ಎರಡರ ನಡುವೆ ಇರುವ ಹೆಜ್ಜೆಯನ್ನು ಹುಡುಕಬೇಕಿತ್ತು. ಅವನು ಮೊದಲ ಹೆಜ್ಜೆಯನ್ನೇ ಪುನಃ ಪುನಃ ಇಟ್ಟ. ಗಾಬರಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ, ನಾನೂ ಹಿಂದೆ ಮಾಡಿದ್ದೇನೆ.

ಎಂಜಿನ್‌ಎಕ್ಸ್‌ನ ಸಂರಚನೆಯಲ್ಲಿ ಎರಡು ಸಾಲುಗಳನ್ನು ತಿದ್ದಿ ಅವು ‘ಲೈವ್’ ಫೋಲ್ಡರ್‌ನ ಫುಲ್‌ಚೈನ್ ಮತ್ತು ಪ್ರೈವ್‌ಕೀಗಳನ್ನು ತೋರುವಂತೆ ಮಾಡಿದೆವು. ಸಂರಚನೆ ಸರಿಯಿದೆಯೇ ಎಂದು ಪರೀಕ್ಷಿಸಿ ರೀಲೋಡ್ ಮಾಡಿದೆವು, ಅಂದರೆ ಎಂಜಿನ್‌ಎಕ್ಸ್ ನಿಲ್ಲದೆಯೇ ಅದನ್ನು ಮತ್ತೆ ಓದುವಂತೆ ಮಾಡಿದೆವು. ಹೊಸ ಸರ್ಟಿಫಿಕೇಟ್ ಬೇಡಬೇಕಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ತಾಣ ತೆರೆಯಿತು.

ಕಾರ್ಯದರ್ಶಿಗಳು ಇಷ್ಟಕ್ಕೆ ಸಾಕೆಂದರು. ನಿಲ್ಲಿಸಬಹುದಿತ್ತು ಕೂಡ. ಆದರೆ ಸರ್ಟ್‌ಬಾಟ್‌ನ ದಾಖಲೆ ಕಡತಗಳನ್ನು ತೆರೆದು ತೋರಿಸಿದಾಗ ಅವರೂ ಕುರ್ಚಿ ಎಳೆದುಕೊಂಡು ಕುಳಿತರು. ಅವಧಿ ಮುಗಿಯಲು 30 ದಿನ ಉಳಿದಾಗಿನಿಂದ, ದಿನಕ್ಕೆ ಎರಡು ಸಲ ಓಡುವ ಟೈಮರ್ ತಪ್ಪದೆ ನವೀಕರಣಕ್ಕೆ ಯತ್ನಿಸಿತ್ತು. ಪ್ರತಿ ಸಲವೂ ಪೋರ್ಟ್ 80ರಲ್ಲಿ ಬೇರೆಯವರು ಕುಳಿತಿದ್ದಾರೆಂದು ಬರೆದು ಹಿಂದಿರುಗಿತ್ತು. ಒಂದು ತಿಂಗಳ ಕಾಲ ಯಂತ್ರ ದಿನಕ್ಕೆರಡು ಸಲ ಹೇಳಿದ್ದನ್ನು ಓದುವವರು ಇರಲಿಲ್ಲ. ಅವಧಿ ಮುಗಿಯುತ್ತಿದೆಯೆಂದು ಲೆಟ್ಸ್ ಎನ್‌ಕ್ರಿಪ್ಟ್ ಆಗ ಇಮೇಲನ್ನೂ ಕಳಿಸುತ್ತಿತ್ತು. ತರುಣ ಕೊಟ್ಟಿದ್ದು ಸಂಘದ ಹಳೆಯ ವಿಳಾಸ, ಆ ಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರಲಿಲ್ಲ.

ಎರಡನೆಯ ಸ್ಥಾಪನೆ

ಮಧ್ಯಾಹ್ನದ ನಂತರ ಆರಂಭಿಸಿದ ಕೆಲಸವನ್ನೇ ನಾನು ನಿಜವಾದ ಸ್ಥಾಪನೆ ಎನ್ನುತ್ತೇನೆ.

ವಿಧಾನದ ಆಯ್ಕೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ಸ್ಟ್ಯಾಂಡ್‌ಅಲೋನ್ ಅನ್ನೇ ಉಳಿಸಿಕೊಂಡು, ನವೀಕರಣಕ್ಕೆ ಮೊದಲು ಎಂಜಿನ್‌ಎಕ್ಸ್ ನಿಲ್ಲಿಸುವ, ಆಮೇಲೆ ಚಾಲೂ ಮಾಡುವ ಸೂಚನೆಗಳನ್ನು ಸೇರಿಸಬಹುದಿತ್ತು. ಆದರೆ ಎಂಜಿನ್‌ಎಕ್ಸ್ ಯಾವುದೋ ಕಾರಣಕ್ಕೆ ಮರಳಿ ಏಳದಿದ್ದರೆ ಬೆಳಗಿನವರೆಗೆ ತಾಣವೇ ಇರುವುದಿಲ್ಲ. ಡೊಮೇನ್ ಹೆಸರಿನ ನೋಂದಣಿ ವಿವರವಾದ ಡಿಎನ್‌ಎಸ್ ದಾಖಲೆಯ ಮೂಲಕ ಪರಿಶೀಲಿಸುವ ವಿಧಾನಕ್ಕೆ ಪೋರ್ಟ್ 80ರ ಗೊಡವೆಯೇ ಇಲ್ಲ, ಆದರೆ ಡೊಮೇನ್‌ನ ನಿಯಂತ್ರಣ ಆಗಲೂ ಹಳೆಯ ಗುತ್ತಿಗೆದಾರರ ಖಾತೆಯಲ್ಲಿತ್ತು. ಕೊನೆಗೆ ಮೊದಲ ದಿನ ಬಿಟ್ಟುಹೋದ ವೆಬ್‌ರೂಟ್‌ಗೇ ಮರಳಿದೆವು.

ನವೀಕರಣದ ತಾಲೀಮು ನಡೆಸುವ ‘ಡ್ರೈ ರನ್’ ಸೌಲಭ್ಯ ಸರ್ಟ್‌ಬಾಟ್‌ನಲ್ಲಿದೆ. ಅದು ಲೆಟ್ಸ್ ಎನ್‌ಕ್ರಿಪ್ಟ್‌ನ ಪರೀಕ್ಷಾ ಸರ್ವರ್‌ನೊಂದಿಗೆ ಮಾತಾಡುವುದರಿಂದ ನಿಜವಾದ ಮಿತಿಗಳಿಗೆ ಧಕ್ಕೆಯಿಲ್ಲ. ಹಿಂದಿನ ರಾತ್ರಿ ಮಿತಿ ಮುಗಿದಿದ್ದರೂ ನಾವು ಇದನ್ನು ನಿಶ್ಚಿಂತೆಯಿಂದ ಓಡಿಸಬಹುದಿತ್ತು. ಮೊದಲ ತಾಲೀಮಿನಲ್ಲಿ ಡಿಸೆಂಬರ್‌ನ ಅದೇ 403 ಬಂತು. ಈ ಸಲ ತರುಣನೇ ಎಂಜಿನ್‌ಎಕ್ಸ್‌ನ ದೋಷದಾಖಲೆ ತೆರೆದು, ನಿಯಮವೊಂದು ತಡೆಯುತ್ತಿದೆ ಎಂಬ ಸಾಲನ್ನು ತೋರಿಸಿದ. ಚುಕ್ಕೆಯ ಕಡತಗಳನ್ನು ತಡೆಯುವ ಸಾಲನ್ನು ಅಳಿಸುವುದು ಸುಲಭವಿತ್ತು, ಆದರೆ ನಾವು ಅಳಿಸಲಿಲ್ಲ. ಪರಿಶೀಲನೆಯ ಆ ಒಂದೇ ಫೋಲ್ಡರ್‌ಗೆ ಆದ್ಯತೆಯ ಪ್ರತ್ಯೇಕ ನಿಯಮ ಬರೆದು, ಉಳಿದ ತಡೆಯನ್ನು ಇದ್ದ ಹಾಗೆಯೇ ಬಿಟ್ಟೆವು. ಎರಡನೆಯ ತಾಲೀಮು ಯಶಸ್ವಿಯಾಯಿತು. ಡಿಸೆಂಬರ್‌ನಲ್ಲಿ ಹತ್ತು ನಿಮಿಷ ಓದಿದ್ದರೆ ಸಿಗುತ್ತಿದ್ದ ಪರಿಹಾರವಿದು ಎಂದು ತರುಣ ತಾನೇ ಹೇಳಿದ.

ಇನ್ನೊಂದು ಅಂಶ ಬಹುಮಂದಿಗೆ ತಪ್ಪಿಹೋಗುತ್ತದೆ. ಎಂಜಿನ್‌ಎಕ್ಸ್ ಸರ್ಟಿಫಿಕೇಟ್ ಅನ್ನು ಚಾಲೂ ಆಗುವಾಗ ಅಥವಾ ರೀಲೋಡ್ ಆಗುವಾಗ ಮಾತ್ರ ಓದುತ್ತದೆ. ವೆಬ್‌ರೂಟ್ ವಿಧಾನದಲ್ಲಿ ಸರ್ಟ್‌ಬಾಟ್ ಕಡತವನ್ನು ಹೊಸದಾಗಿಸಿದರೂ ಎಂಜಿನ್‌ಎಕ್ಸ್‌ಗೆ ಅದರ ಸುದ್ದಿ ಮುಟ್ಟುವುದಿಲ್ಲ. ನವೀಕರಣ ಯಶಸ್ವಿಯಾದಾಗ ಮಾತ್ರ ಓಡುವ ‘ಡಿಪ್ಲಾಯ್ ಹುಕ್’ ಫೋಲ್ಡರ್‌ನಲ್ಲಿ, ಮೊದಲು ಸಂರಚನೆಯನ್ನು ಪರೀಕ್ಷಿಸಿ ಆಮೇಲೆ ರೀಲೋಡ್ ಮಾಡುವ ಪುಟ್ಟ ಸ್ಕ್ರಿಪ್ಟ್ ಇಟ್ಟೆವು. ಹಳೆಯ ಫೋಲ್ಡರ್‌ನಲ್ಲಿದ್ದ ಕೀಲಿಯ ನಕಲನ್ನು ಸರ್ವರ್‌ನ ಯಾವ ಬಳಕೆದಾರನೂ ಓದಬಹುದಿತ್ತು, ಕಚೇರಿಯ ಕಂಪ್ಯೂಟರ್‌ನಲ್ಲೂ ಅದರ ಒಂದು ಪ್ರತಿಯಿತ್ತು. ಎರಡನ್ನೂ ಅಳಿಸಿದೆವು. ಆ ಸರ್ಟಿಫಿಕೇಟ್‌ನ ಅವಧಿ ತೀರಿತ್ತು, ಹೊಸದಕ್ಕೆ ಸರ್ಟ್‌ಬಾಟ್ ಬೇರೆ ಕೀಲಿಯನ್ನೇ ಸೃಷ್ಟಿಸಿತ್ತು, ಹೀಗಾಗಿ ರದ್ದುಪಡಿಸುವ ಪ್ರಶ್ನೆ ಏಳಲಿಲ್ಲ.

ಬ್ರೌಸರ್‌ಗಳು ಎಚ್‌ಟಿಟಿಪಿಯ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್ ಅಲ್ಲದೆ ಬೇರೆ ಬಗೆಯಲ್ಲಿ ತಾಣವನ್ನು ತೆರೆಯದಂತೆ ಕಟ್ಟಿಹಾಕುವ ಎಚ್‌ಎಸ್‌ಟಿಎಸ್ ಸೂಚನೆಯನ್ನು ಅಂದೇ ಹಾಕಬೇಕೆಂಬುದು ತರುಣನ ಆಸೆ. ಆಸೆ ಸರಿಯಾದುದೇ, ಕಾಲ ಮಾತ್ರ ಸರಿಯಿರಲಿಲ್ಲ. ಒಂದು ವರ್ಷಕ್ಕೆಂದು ಅದನ್ನು ಹಾಕಿ, ಮತ್ತೊಮ್ಮೆ ನವೀಕರಣ ತಪ್ಪಿದರೆ, ತಾಣಕ್ಕೆ ಹಿಂದೆ ಬಂದಿದ್ದ ಯಾವ ರೈತನಿಗೂ ಒಳಬರುವ ದಾರಿಯೇ ಇರುವುದಿಲ್ಲ. ಯಾರ ಕೈಯೂ ತಗಲದೆ ಒಂದು ನವೀಕರಣ ನಡೆದ ಮೇಲೆಯೇ ಅದನ್ನು ಹಾಕುವುದೆಂದು ಒಪ್ಪಂದವಾಯಿತು.

ಕೆಲವು ಹಿರಿಯ ರೈತರ ಹಳೆಯ ಮೊಬೈಲ್‌ಗಳಲ್ಲಿ ಅಂದೂ ಎಚ್ಚರಿಕೆ ಉಳಿದೇ ಇತ್ತು. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಮೊಬೈಲ್‌ಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಸರ್ಟಿಫಿಕೇಟ್‌ನ ಪರಿಚಯವಿಲ್ಲ. ಫೈರ್‌ಫಾಕ್ಸ್ ತನ್ನದೇ ಆದ ನಂಬಿಕಸ್ಥರ ಪಟ್ಟಿಯನ್ನು ಜೊತೆಗಿಟ್ಟುಕೊಂಡಿರುವುದರಿಂದ ಅವರಿಗೆ ಅದನ್ನು ಹಾಕಿಕೊಡಲಾಯಿತು.

ಮೇ ಮತ್ತು ಅದರ ನಂತರ

ಮೇ ತಿಂಗಳ ಮಧ್ಯದವರೆಗೆ ನಾನು ಈ ಕೆಲಸವನ್ನು ಮುಗಿದದ್ದೆಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಬಿಲ್ಲನ್ನೂ ಕೊಡಲಿಲ್ಲ. 60 ದಿನ ತುಂಬಿದ ಮರುದಿನ ತರುಣ ಹೊರಗಿನಿಂದ ತಾಣದ ಸರ್ಟಿಫಿಕೇಟ್ ಓದಿ, ದಿನಾಂಕ ಆಗಸ್ಟ್‌ಗೆ ಹೋಗಿದೆ ಎಂದು ತಿಳಿಸಿದ. ಡಿಸ್ಕ್‌ನಲ್ಲಿರುವುದರ ಕ್ರಮಸಂಖ್ಯೆಗೂ ಸರ್ವರ್ ಕೊಡುತ್ತಿರುವುದರ ಕ್ರಮಸಂಖ್ಯೆಗೂ ತಾಳೆ ನೋಡಿದ್ದ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಎಚ್‌ಎಸ್‌ಟಿಎಸ್ ಅನ್ನು ಮೊದಲು ಐದು ನಿಮಿಷಕ್ಕೆ, ನಂತರ ಒಂದು ದಿನಕ್ಕೆ ಎಂದು ಮೆಲ್ಲಗೆ ಏರಿಸತೊಡಗಿದೆವು.

2025ರ ಜೂನ್ 4ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅವಧಿಯ ಎಚ್ಚರಿಕೆಯ ಇಮೇಲ್‌ಗಳನ್ನು ನಿಲ್ಲಿಸಿತು. ಅಷ್ಟರೊಳಗೆ ಸಂಘದ ಕಚೇರಿಯ ಬೇರೊಂದು ಕಂಪ್ಯೂಟರ್‌ನಲ್ಲಿ, ದಿನಕ್ಕೊಮ್ಮೆ ಹೊರಗಿನಿಂದ ದಿನಾಂಕ ಓದಿ, 20 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಇಬ್ಬರಿಗೆ ಸಂದೇಶ ಕಳಿಸುವ ಸ್ಕ್ರಿಪ್ಟ್ ಓಡುತ್ತಿತ್ತು. ಕಾವಲು ಸರ್ವರ್‌ನ ಹೊರಗಿರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಏಕೆಂದರೆ ಮಾರ್ಚ್‌ನ ಆ ರಾತ್ರಿ ಸರ್ವರ್‌ನ ಒಳಗಿನ ಲೆಕ್ಕವೆಲ್ಲ ಸರಿಯಿತ್ತು, ರೈತನಿಗೆ ಕಂಡದ್ದು ಮಾತ್ರ ತಪ್ಪಾಗಿತ್ತು. ಸರ್ಟಿಫಿಕೇಟ್ ಪ್ರಾಧಿಕಾರಗಳು ಮತ್ತು ಬ್ರೌಸರ್ ತಯಾರಕರು ಸೇರಿದ ವೇದಿಕೆಯು 2025ರ ಏಪ್ರಿಲ್‌ನಲ್ಲಿ ಕೈಗೊಂಡ ತೀರ್ಮಾನದ ಪ್ರಕಾರ, 2029ರ ಮಾರ್ಚ್ ವೇಳೆಗೆ ಸಾರ್ವಜನಿಕ ತಾಣಗಳ ಯಾವ ಸರ್ಟಿಫಿಕೇಟ್‌ನ ಅವಧಿಯೂ, ಕೊಂಡದ್ದಿರಲಿ ಉಚಿತವಿರಲಿ, 47 ದಿನವನ್ನು ಮೀರುವಂತಿಲ್ಲ. ವರ್ಷಕ್ಕೊಮ್ಮೆ ಕೈಯಿಂದ ಹಾಕುವ ರೂಢಿ ಇರುವ ಸಂಘ-ಸಂಸ್ಥೆಗಳಿಗೆಲ್ಲ ಈ ಸಂಘದ ಮಾರ್ಚ್ ತಿಂಗಳು ಬರಲಿದೆ.

ಡೊಮೇನ್ ಮಾತ್ರ ಇನ್ನೂ ಹಳೆಯ ಗುತ್ತಿಗೆದಾರರ ಖಾತೆಯಲ್ಲಿದೆ. ವರ್ಗಾವಣೆಗೆಂದು ಸಂಘವು ಎರಡು ಪತ್ರ ಬರೆದಿದೆ. ಕೌಂಟರ್‌ನಲ್ಲಿದ್ದ ಗುಮಾಸ್ತರು ಬಾಡಿಗೆ ವಹಿಯ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಗೆರೆ ಹಾಕಿಕೊಂಡಿದ್ದಾರೆ. ಅದರಲ್ಲಿ ಮೇ ಮತ್ತು ಜುಲೈ ಎರಡರ ಮುಂದೆಯೂ ‘ತಾನಾಗಿ ಆಯಿತು’ ಎಂದು ಬರೆದು ಸಹಿ ಮಾಡಿದ್ದಾರೆ. ಮೂರನೆಯ ಸಾಲಿನಲ್ಲಿ ಸೆಪ್ಟೆಂಬರ್‌ನ ತಾರೀಖು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ.